ನಮ್ಮೂರಲ್ಲೇ ಎರಡು ದಿನ ಲಾಡ್ಜಿನಲ್ಲಿದ್ದೆ. ವಿಜಯಪುರವನ್ನು ಪ್ರವಾಸಿಯ ಹಾಗೆ ಹೊಸದಾಗಿ ನೋಡುವ ಆಸೆ ಹುಟ್ಟಿದೆ, ಎಲ್ಲಿಂದ ಶುರು ಮಾಡಲಿ?

ಶಹಾಪುರ ಅಗಸಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು, ಓದಿದ್ದು, ಈಗ ಅಂಗಡಿ ಇಟ್ಟುಕೊಂಡಿರುವುದು ಎಲ್ಲಾ ವಿಜಯಪುರದಲ್ಲೇ. ವಯಸ್ಸು 41. ಹೋದ ತಿಂಗಳು ಮನೆಯ ಹಳೇ ಮಾಳಿಗೆ ಬಿಚ್ಚಿಸಿ ಸ್ಲ್ಯಾಬ್ ಹಾಕಿಸಿದೆವು. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅವ್ವ ಅಕ್ಕನ ಮನೆಗೆ ಹೋದಳು. ಅಂಗಡಿ ಮುಚ್ಚುವ ಹಾಗಿರಲಿಲ್ಲ. ಅದಕ್ಕೆ ನಾನು ಸ್ಟೇಷನ್ ರೋಡಿನಲ್ಲಿ ಒಂದು ಲಾಡ್ಜು ಹಿಡಿದೆ.

ಮೊದಲನೇ ದಿನ ಬೆಳಗ್ಗೆ ಐದೂವರೆಗೇ ಎಚ್ಚರವಾಯಿತು. ಹಾಸಿಗೆ ಹೊಸದು, ನಿದ್ದೆ ಬರಲಿಲ್ಲ. ಚಹಾ ಸಿಗುತ್ತದಾ ಅಂತ ಮಾಳಿಗೆ ಮೇಲೆ ಹೋದೆ. ಎದುರಿಗೆ ಗೋಲಗುಮ್ಮಟ. ಅದರ ಬೆನ್ನ ಹಿಂದೆ ಬೆಳಕು ಹರಿಯುತ್ತಿತ್ತು. ಗುಮ್ಮಟ ಕಪ್ಪಗೆ, ಆಕಾಶ ಕೇಸರಿ. ಗಿಳಿಗಳ ಹಿಂಡು ಒಂದು ಸುತ್ತು ಹೊಡೆದು ಮಿನಾರಿನ ಒಳಗೆ ಹೋಯಿತು. ನಾನು ಅಲ್ಲೇ ನಿಂತುಬಿಟ್ಟೆ. ಈ ಗುಮ್ಮಟವನ್ನು ದಿನಕ್ಕೆ ನಾಲ್ಕು ಸಲ ಬೈಕಿನಲ್ಲಿ ದಾಟುತ್ತೇನೆ. ಒಳಗೆ ಹೋಗಿದ್ದು ಯಾವಾಗ ಅಂತ ಲೆಕ್ಕ ಹಾಕಿದೆ. ಏಳನೇ ತರಗತಿಯಲ್ಲಿದ್ದಾಗ, ಶಾಲೆಯಿಂದ. ಅಂದರೆ ಹತ್ತಿರ ಹತ್ತಿರ 30 ವರ್ಷ!

ಅವತ್ತು ಅಂಗಡಿಯನ್ನು ಹತ್ತು ಗಂಟೆಗೆ ತೆರೆದರಾಯಿತು ಅಂತ ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ. ಇನ್ನೂ ಜನ ಬಂದಿರಲಿಲ್ಲ. ಮೂಲೆಯ ಏಳಂತಸ್ತಿನ ಮಿನಾರಿನ ಕಿರಿದಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದೆ. ಶಾಲೆಯಲ್ಲಿ ಹೋದಾಗ ಎಲ್ಲರೂ ಕೂಗಿ ಕೂಗಿ ಏನೂ ಕೇಳಿಸಿರಲಿಲ್ಲ. ಈ ಸಲ ಕಾವಲಿನವರು ಆಚೆ ಬದಿ ಕೂತು ಒಂದು ಕಾಗದ ಹರಿದರು. ನಡುವೆ 124 ಅಡಿ ಬಯಲು. ಆ ಕಾಗದ ನನ್ನ ಕಿವಿಯ ಪಕ್ಕದಲ್ಲೇ ಹರಿದ ಹಾಗೆ ಕೇಳಿಸಿತು. ಮೈ ಜುಮ್ಮೆಂದಿತು.

ಸಂಜೆ ಲಾಡ್ಜಿನವರು ಕೊಟ್ಟ ಒಂದು ನಕ್ಷೆ ಹಿಡಿದು ಸುಮ್ನೆ ನಡೆದೆ. ನಾವು ಊರಲ್ಲಿ ನಡೆಯುವುದೇ ಇಲ್ಲ ಅಲ್ವಾ? ಆಗ ನಮ್ಮ ಓಣಿಯ ಹತ್ತಿರವೇ ಇರುವ ಒಂದು ಚೌಕಾಕಾರದ ಹಳೇ ಕಲ್ಲಿನ ಗೋಪುರದ ಮುಂದೆ ನಿಂತೆ. ಎರಡು ಮೂರು ಅಂತಸ್ತಿನಷ್ಟು ಎತ್ತರ. ಬಾಗಿಲಿಲ್ಲ, ಕಿಟಕಿಯಿಲ್ಲ. ಚಿಕ್ಕವನಿದ್ದಾಗಿನಿಂದ ಅದನ್ನು ಯಾರದೋ ಗೋರಿ ಅಂದುಕೊಂಡಿದ್ದೆ. ಅಕ್ಕಪಕ್ಕದ ಅಂಗಡಿಯವರನ್ನು ಕೇಳಿದೆ. ಒಬ್ಬರು ಕಾವಲು ಬುರುಜು ಅಂದರು, ಇನ್ನೊಬ್ಬರು ಗೊತ್ತಿಲ್ಲ ಅಂದರು.

ನನ್ನ ಪ್ರಶ್ನೆ ಇದು. ಹೊರಗಿನಿಂದ ಬಂದವರು ಒಂದು ದಿನದಲ್ಲಿ ಏಳೆಂಟು ಜಾಗ ನೋಡಿ ಬಸ್ಸು ಹತ್ತುತ್ತಾರೆ. ನಮ್ಮಂಥ ಊರಿನವರು ನೋಡುವುದು ಹೇಗೆ? ಎಲ್ಲಿಂದ ಶುರು ಮಾಡಬೇಕು? ಆ ಗೋಪುರ ಏನು ಅಂತ ಯಾರಿಗಾದರೂ ಗೊತ್ತಾ?

ಉಪ್ಪಲಿ ಬುರುಜು

ಅದು ಗೋರಿ ಅಲ್ಲ ಅಣ್ಣಾರ. ಅದು ಗಂಜ್. ನೀರಿನ ಗೋಪುರ.

ನಾನು ನೀರು ಸರಬರಾಜು ಕೆಲಸ ಮಾಡುವ ಸಿವಿಲ್ ಇಂಜಿನಿಯರ್. ನಮ್ಮೂರಿನ ಗಂಜ್‌ಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ಆಗುವ ಖುಷಿ ಹೇಳಲಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ಮುಖ್ಯವಾಗಿ ಎರಡು ಕಡೆಯಿಂದ ನೀರು ಬರುತ್ತಿತ್ತು. ಒಂದು ಪಶ್ಚಿಮದ ತೊರವೆ ಕಡೆಯಿಂದ. ಇನ್ನೊಂದು ದಕ್ಷಿಣದ ಬೇಗಂ ತಲಾಬಿನಿಂದ. ಬೇಗಂ ತಲಾಬು ಕಟ್ಟಿದ್ದು 1651ರಲ್ಲಿ, ಗೋಲಗುಮ್ಮಟದ ದೊರೆ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ. ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಕೊಳವೆಯ ಸುತ್ತ ಗಾರೆ, ಕಲ್ಲು ಹಾಕಿ ಭದ್ರ ಮಾಡಿದ್ದರು. ಪಂಪಿಲ್ಲ, ವಿದ್ಯುತ್ತಿಲ್ಲ. ಬರೀ ಇಳಿಜಾರಿನ ಬಲ.

ಈಗ ತೊಂದರೆ ಎಲ್ಲಿ ಅಂದರೆ, ಎತ್ತರದಿಂದ ಇಳಿದು ಬರುವ ನೀರಿಗೆ ಒತ್ತಡ ಜಾಸ್ತಿ. ಮಣ್ಣಿನ ಕೊಳವೆ ತಡೆಯುವುದಿಲ್ಲ, ಒಡೆಯುತ್ತದೆ. ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ ಒಂದೊಂದು ಗಂಜ್ ಕಟ್ಟಿದರು. ನೀರು ಗೋಪುರದ ಒಳಗೆ ಮೇಲಕ್ಕೆ ಏರುತ್ತದೆ. ಮೇಲೆ ತೆರೆದ ತೊಟ್ಟಿಗೆ ಬಿದ್ದು ಒತ್ತಡ ಕಳೆದುಕೊಳ್ಳುತ್ತದೆ. ಅಲ್ಲಿಂದ ಇನ್ನೊಂದು ಕೊಳವೆಯಲ್ಲಿ ಇಳಿದು ಮುಂದಿನ ಓಣಿಗೆ ಹೋಗುತ್ತದೆ. ನೀರಿನ ಜೊತೆ ಬಂದ ಹೂಳು ತಳದಲ್ಲೇ ಕೂರುತ್ತದೆ. ಒತ್ತಡ ತಗ್ಗಿಸುವ ಈ ಉಪಾಯವನ್ನು ನಾವು ಇವತ್ತೂ ಮಾಡುತ್ತೇವೆ, ಬೇರೆ ಸಾಮಾನಿನಲ್ಲಿ ಅಷ್ಟೇ. ನಾನು ಕಾಲೇಜಿನಲ್ಲಿ ಇದನ್ನು ಪುಸ್ತಕದಲ್ಲಿ ಓದಿದೆ. ಓದಿ ನಾಲ್ಕು ವರ್ಷದ ಮೇಲೆ ಗೊತ್ತಾಯಿತು, ನಮ್ಮ ಮನೆಯಿಂದ ಅರ್ಧ ಕಿಲೋಮೀಟರಿನಲ್ಲೇ ಒಂದು ನಿಂತಿದೆ ಅಂತ.

ತೊರವೆ ಕಡೆಯದು ಇನ್ನೂ ಸೋಜಿಗ. ಅಲ್ಲಿ ನೆಲದೊಳಗೆ ಸುರಂಗ ಕೊರೆದಿದ್ದಾರೆ. ಕರೇಜ್ ಅನ್ನುತ್ತಾರೆ. ನೆಲದ ಒಳಗಿನ ಒರತೆಯ ನೀರು ಸಣ್ಣ ಇಳಿಜಾರಿನಲ್ಲಿ ಊರಿನ ಕಡೆ ಹರಿದು ಬರಬೇಕು. ನಡುನಡುವೆ ಬಾವಿಯ ಹಾಗೆ ಕಿಂಡಿಗಳು. ಗಾಳಿ ಆಡಲು, ಹೂಳು ತೆಗೆಯಲು ಅವು ಬೇಕು. ನಮ್ಮ ಬಿಸಿಲಿಗೆ ಮೇಲೆ ಕಾಲುವೆ ತೆಗೆದಿದ್ದರೆ ಅರ್ಧ ನೀರು ಆವಿಯಾಗುತ್ತಿತ್ತು. ಅಲ್ಲಿನ ಸುರಂಗ ಬಾವಡಿಯನ್ನು (ಬಾವಡಿ ಅಂದರೆ ಮೆಟ್ಟಿಲಿರುವ ದೊಡ್ಡ ಬಾವಿ) ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು ದಖ್ಖನದ ನೀರಿನ ವ್ಯವಸ್ಥೆಗಳ ಹೆಸರಿನಲ್ಲಿ, ಕಾಪಾಡಬೇಕಾದ ಸ್ಮಾರಕಗಳ ತಮ್ಮ 2020ರ ಪಟ್ಟಿಗೆ ಸೇರಿಸಿದರು. ನ್ಯೂಯಾರ್ಕಿನವರಿಗೆ ಗೊತ್ತಿದೆ, ನಮ್ಮ ಓಣಿಯವರಿಗೆ ಗೊತ್ತಿಲ್ಲ. ಇದು ನನ್ನ ದೊಡ್ಡ ಸಂಕಟ.

ನೀವು ನೀರಿನಿಂದಲೇ ಶುರು ಮಾಡಿ.

ಪುಣೆಯಲ್ಲಿರುವ ವಿಜಯಪುರದವಳು

ಬುರುಜು ಸರ್ ಹೇಳಿದ್ದು ಓದಿ ನನಗೆ ಮಗಳ ಮಾತು ನೆನಪಾಯಿತು.

ನಾನು ಮದುವೆಯಾಗಿ ಪುಣೆಗೆ ಬಂದು 14 ವರ್ಷ. ತವರಿಗೆ ಬಂದಾಗಲೆಲ್ಲಾ ನಾವು ಮನೆ, ಗಾಂಧಿ ಚೌಕ, ಶಾಸ್ತ್ರಿ ಮಾರ್ಕೆಟ್ ಅಂತ ಓಡಾಡಿ ವಾಪಸ್ಸು ಹೋಗುತ್ತಿದ್ದೆವು. ಎರಡು ವರ್ಷದ ಹಿಂದೆ ಒಂಬತ್ತು ವರ್ಷದ ಮಗಳು, "ಅಮ್ಮ, ನಿನ್ನ ಊರು ತೋರಿಸು" ಅಂದಳು. ಇಬ್ರಾಹಿಂ ರೋಜಾಕ್ಕೆ, ಅಂದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿಗೆ, ಕರೆದುಕೊಂಡು ಹೋದೆ. ಇಳಿಹೊತ್ತು, ನಾಲ್ಕೂವರೆ ಇರಬೇಕು.

ನೀವು ಆ ಹೊತ್ತಿಗೆ ಹೋಗಿ ನೋಡಿ. ಪಶ್ಚಿಮದ ಬಿಸಿಲು ವರಾಂಡದ ಕಮಾನುಗಳ ಒಳಗೆ ಬಂದು ಗೋಡೆಯ ಮೇಲೆ ಬೀಳುತ್ತದೆ. ಗೋಡೆ ತುಂಬಾ ಕೆತ್ತನೆ. ಕಿಟಕಿಗಳಿಗೆ ಜಾಲರಿ ಇದೆ, ಆ ಜಾಲರಿಯೇ ಅಕ್ಷರ. ಕಲ್ಲನ್ನು ಕೊರೆದು ಬರೆದ ಅರಬ್ಬಿ ಬರಹದ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಗೋರಿಯ ಕೋಣೆಗೆ ಹೋದರೆ ತಲೆಯ ಮೇಲೆ ಚಪ್ಪಟೆ ಕಲ್ಲಿನ ಮಾಡು. ಕೆಳಗೆ ಆಸರೆಯೇ ಕಾಣುವುದಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿ ಗಾರೆಯ ಬಲದಲ್ಲಿ ನಿಲ್ಲಿಸಿದ್ದಾರೆ. ಎರಡನೇ ಇಬ್ರಾಹಿಂ ಆದಿಲ್ ಶಾಹ ತೀರಿಕೊಂಡದ್ದು 1627ರಲ್ಲಿ. ಅಲ್ಲಿಂದ ಇವತ್ತಿನವರೆಗೂ ಆ ಮಾಡು ಹಾಗೇ ಇದೆ. ನಮ್ಮ ಅಪಾರ್ಟ್‌ಮೆಂಟಿನ ಸ್ಲ್ಯಾಬ್ ಎಂಟೇ ವರ್ಷಕ್ಕೆ ಸೋರುತ್ತಿದೆ.

ಮಗಳು ಎಲ್ಲಾ ನೋಡಿ, ಹೊರಗಿನ ಕಾರಂಜಿ ಹೊಂಡದ ಹತ್ತಿರ ಬಂದು ಕೇಳಿದಳು: "ಅಮ್ಮ, ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ನಳಕ್ಕೆ ನೀರು ಬರುವ ದಿನ ಕಾದು, ಬೆಳಗಿನ ಜಾವ ಎದ್ದು ಕೊಡ ತುಂಬಿಸಿಕೊಂಡು ಬೆಳೆದವರು. ನಾವೇ ಆ ಪ್ರಶ್ನೆ ಕೇಳಬೇಕಿತ್ತು.

ಆಮೇಲೆ ತಾಜ ಬಾವಡಿಗೆ ಹೋದೆವು. ನಾನು ಹುಡುಗಿಯಾಗಿದ್ದಾಗ ಅಲ್ಲಿ ಕಸ ತೇಲುತ್ತಿತ್ತು. ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಈಗ ಹೂಳು ತೆಗೆದಿದ್ದಾರೆ. ಆ ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ, ಕೆಳಗೆ ಸುಮಾರು 220 ಅಡಿಯ ಚೌಕದಲ್ಲಿ ಹಸಿರು ನೀರು. ಕಟ್ಟಿದ್ದು 1620ರಲ್ಲಿ, ಮಲಿಕ್ ಸಂದಲ್. ರೋಜಾ ಕಟ್ಟಿಸಿದ ಮಲಿಕ್ ಸಂದಲ್ ಅವನೇ. ರಾಣಿ ತಾಜ್ ಸುಲ್ತಾನಳ ಹೆಸರು ಬಾವಡಿಗೆ. ಒಂದೇ ಕೈ ಗೋರಿಯನ್ನೂ ಕಟ್ಟಿತು, ಊರಿಗೆ ಕುಡಿಯುವ ನೀರಿನ ಬಾವಿಯನ್ನೂ ಕಟ್ಟಿತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಜೋಡಗುಮ್ಮಟ ಓಣಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನದೊಂದು ತಕರಾರು ಇದೆ.

ನಮ್ಮೂರನ್ನು ಪ್ರವಾಸಿಯ ಹಾಗೆ ನೋಡಬೇಕು ಅನ್ನುತ್ತೀರಿ. ನಾನು ಪ್ರವಾಸಿಗಳನ್ನು ದಿನಾ ನೋಡುತ್ತೇನೆ. ಜೋಡಗುಮ್ಮಟದ ಹತ್ತಿರ ನಮ್ಮ ಮನೆ. ಅಲ್ಲಿಗೆ ನನ್ನ ಅಜ್ಜಿ ಪ್ರತಿ ಗುರುವಾರ ಹೋಗುತ್ತಿದ್ದಳು. ನಾವು ಲಿಂಗವಂತರು, ಅದು ದರ್ಗಾ. ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅಜ್ಜಿ ಸಕ್ಕರೆ ಓದಿಸಿಕೊಂಡು ಬಂದು ನಮಗೆಲ್ಲಾ ಕೊಡುತ್ತಿದ್ದಳು. ನನ್ನ ತಮ್ಮನಿಗೆ ಹುಷಾರಿಲ್ಲದಾಗ ಹರಕೆ ಹೊತ್ತಿದ್ದೂ ಅಲ್ಲೇ. ನನಗೆ ಅದು ಸ್ಮಾರಕ ಅಲ್ಲ. ಅದು ಅಜ್ಜಿ ಹೋಗುತ್ತಿದ್ದ ಜಾಗ.

ಪ್ರವಾಸಿಗಳು ಬಂದು ನಮ್ಮ ಹಿತ್ತಲಿನ ಫೋಟೋ ತೆಗೆಯುತ್ತಾರೆ. ಬಟ್ಟೆ ಒಣಗಿಸಿದ್ದನ್ನೂ ತೆಗೆಯುತ್ತಾರೆ. ಹಳೇ ಕಮಾನಿನ ಪಕ್ಕ ಮನೆ ಇದ್ದರೆ "ಛೇ, ಹಾಳು ಮಾಡಿದ್ದಾರೆ" ಅನ್ನುತ್ತಾರೆ. ಅಲ್ಲಿರುವವರು ಎಲ್ಲಿಗೆ ಹೋಗಬೇಕು? ಬಾರಾ ಕಮಾನಿನ ಸುತ್ತ, ಅರಕಿಲ್ಲೆ ಅನ್ನುವ ಒಳಕೋಟೆಯ ಸುತ್ತ, ಅಗಸಿಗಳ (ಕೋಟೆ ಬಾಗಿಲುಗಳ) ಹತ್ತಿರ ಎಲ್ಲಾ ಕಡೆ ಜನ ಬದುಕುತ್ತಿದ್ದಾರೆ. ಈ ಊರು ಯಾವತ್ತೂ ಖಾಲಿ ಇರಲಿಲ್ಲ. ನೋಡುವ ಹುಮ್ಮಸ್ಸಿನಲ್ಲಿ ಇರುವವರನ್ನು ಮರೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಶಹಾಪುರ ಅಗಸಿ

ಓಣಿ ಅಣ್ಣಾರ, ನಿಮ್ಮ ಮಾತು ನನಗೆ ನಾಟಿತು. ನಾನೂ ಅವತ್ತು ಸಂಜೆ ಗಂಜ್ ಫೋಟೋ ತೆಗೆಯುವಾಗ ಒಂದು ಮನೆಯ ಅಂಗಳ ಅದರಲ್ಲಿ ಬಂದಿತ್ತು. ಆ ತಾಯಿ ಒಳಗೆ ಹೋದರು. ಆಗ ಗಮನಿಸಲಿಲ್ಲ, ನಿಮ್ಮ ಮಾತು ಓದಿದ ಮೇಲೆ ನೆನಪಾಯಿತು. ಆ ಫೋಟೋ ಅಳಿಸಿದೆ. ನಿನ್ನೆ ಮತ್ತೆ ಹೋಗಿ ಅವರನ್ನೇ ಮಾತಾಡಿಸಿದೆ. ಅವರು ನಕ್ಕು, "ಅದರ ಕಟ್ಟೆ ಮೇಲೆ ಕೂತೇ ನಮ್ಮತ್ತಿ ಅಕ್ಕಿ ಹಸನ ಮಾಡ್ತಿದ್ದಳು" ಅಂದರು. ಒಂದು ವಾಟಿ ಚಹಾ ಕೊಟ್ಟರು. ಅಂಗಡಿಯವರಿಗೆ ಗೊತ್ತಿಲ್ಲದ ಗಂಜ್ ಅನ್ನುವ ಹೆಸರು ಅವರಿಗೆ ಗೊತ್ತಿತ್ತು!

ಪ್ರವಾಸಿ ಅನ್ನುವ ಪದ ನಾನು ಬಳಸಿದ್ದು ಬೇರೆ ಅರ್ಥದಲ್ಲಿ. ಪ್ರವಾಸಿಗೆ ಒಂದು ಒಳ್ಳೆಯ ಗುಣ ಇದೆ. ಅವನು ನಿಲ್ಲುತ್ತಾನೆ, ಕೇಳುತ್ತಾನೆ. ನಾವು ಊರವರು ಎರಡನ್ನೂ ಬಿಟ್ಟಿದ್ದೇವೆ. ನನಗೆ ಬೇಕಿರುವುದು ಅಷ್ಟೇ.

ಜೋಡಗುಮ್ಮಟಕ್ಕೆ ಒಂದು ಗುರುವಾರ ನಿಮ್ಮ ಜೊತೆ ಬರಬಹುದಾ?

ಜೋಡಗುಮ್ಮಟ ಓಣಿ

ಖಂಡಿತ ಬನ್ನಿ. ಸಂಜೆ ಬನ್ನಿ, ಊದಿನ ವಾಸನೆ ಇರುತ್ತದೆ. ಕ್ಯಾಮರಾ ಬೇಡ, ಒಂದಿಷ್ಟು ಹೂವು ತನ್ನಿ ಸಾಕು. ಆಮೇಲೆ ಮನೆಗೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ.

ಕನ್ನಡ ಮಾಸ್ತರ

ನೀರಿನ ಜಾಡು ಹಿಡಿದು ತೊರವೆಗೆ ಹೋಗುವವರು ದಯವಿಟ್ಟು ಸುರಂಗ ಮಾತ್ರ ನೋಡಿ ಬರಬೇಡಿ.

ನಾನು ನಿವೃತ್ತ ಕನ್ನಡ ಶಿಕ್ಷಕ. ತೊರವೆ ರಾಮಾಯಣ ಅನ್ನುವ ಹೆಸರನ್ನು ಕನ್ನಡ ಓದಿದ ಪ್ರತಿಯೊಬ್ಬರೂ ಕೇಳಿರುತ್ತಾರೆ. ಕುಮಾರ ವಾಲ್ಮೀಕಿ ಎಂದು ಹೆಸರಾದ ಕವಿ ಭಾಮಿನಿ ಷಟ್ಪದಿಯಲ್ಲಿ ಬರೆದ ರಾಮಾಯಣ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಆ ತೊರವೆ ಅಂದರೆ ನಮ್ಮ ಊರಿನಿಂದ ಐದಾರು ಕಿಲೋಮೀಟರು ದೂರದ ಇದೇ ತೊರವೆ ಅಂತ ಎಷ್ಟು ಮಕ್ಕಳಿಗೆ ಗೊತ್ತಿತ್ತು? ಒಂದು ವರ್ಷ ತರಗತಿಯಲ್ಲಿ ಕೇಳಿದೆ. 46 ಮಕ್ಕಳಲ್ಲಿ ಮೂವರು ಕೈ ಎತ್ತಿದರು. ಆ ಮೂವರೂ ತೊರವೆಯಿಂದಲೇ ಬರುವವರು.

ಮರುವಾರ ಅಷ್ಟೂ ಮಕ್ಕಳನ್ನು ನರಸಿಂಹನ ಗುಡಿಗೆ ಕರೆದುಕೊಂಡು ಹೋದೆ. ಕವಿಯ ಆರಾಧ್ಯ ದೈವ ಆ ನರಸಿಂಹ. ಗುಡಿ ನೆಲದ ಕೆಳಗಿದೆ. ಮೆಟ್ಟಿಲು ಇಳಿದು, ತಲೆ ಬಗ್ಗಿಸಿ ಹೋಗಬೇಕು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು. ಅಲ್ಲೇ ಕೂರಿಸಿ ನಾಲ್ಕು ಪದ್ಯ ಓದಿದೆ. ಅರ್ಥ ಹೇಳಲಿಲ್ಲ. ಒಬ್ಬ ಹುಡುಗ, ಸಾಮಾನ್ಯವಾಗಿ ಹಿಂದಿನ ಬೆಂಚಿನಲ್ಲಿ ಮಲಗುವವನು, "ಸರ್, ಇನ್ನೊಂದು ಓದ್ರಿ" ಅಂದ. ನನ್ನ 31 ವರ್ಷದ ನೌಕರಿಯಲ್ಲಿ ಅಂಥ ದಿನಗಳು ಹೆಚ್ಚಿಲ್ಲ.

ಅದೇ ತೊರವೆಯ ಸೀಮೆಯಲ್ಲೇ ಎರಡನೇ ಇಬ್ರಾಹಿಂ ಆದಿಲ್ ಶಾಹ 1599ರಲ್ಲಿ ನವರಸಪುರ ಅನ್ನುವ ಹೊಸ ನಗರ ಕಟ್ಟಲು ಹೊರಟಿದ್ದ. ಸಂಗೀತದ ಹುಚ್ಚು ಇದ್ದ ದೊರೆ. ಒಂಬತ್ತು ರಸಗಳ ಹೆಸರನ್ನೇ ಊರಿಗೆ ಇಟ್ಟ. ಜನ ಅವನನ್ನು ಜಗದ್ಗುರು ಅಂತ ಕರೆದರು. 1624ರಲ್ಲಿ ಅಹ್ಮದನಗರದ ಸೇನಾನಿ ಮಲಿಕ್ ಅಂಬರನ ದಂಡು ಬಂದು ಆ ನಗರವನ್ನು ಹಾಳುಮಾಡಿತು. ಈಗ ಸಂಗೀತ ಮಹಲು ಅಂತ ಕರೆಯುವ ಕಟ್ಟಡ ಉಳಿದಿದೆ. ದೊಡ್ಡ ಕಮಾನು, ಮೇಲೆ ಬರೀ ಆಕಾಶ. ಒಂದು ಕಡೆ ರಾಮಾಯಣ ಬರೆದ ಕವಿಯ ದೇವರು, ಇನ್ನೊಂದು ಕಡೆ ರಸಗಳ ಹೆಸರಿನ ಊರು, ನಡುವೆ ನೆಲದೊಳಗೆ ಹರಿದು ವಿಜಯಪುರಕ್ಕೆ ಹೋಗುತ್ತಿದ್ದ ನೀರು. ಇಷ್ಟೆಲ್ಲಾ ಒಂದೇ ಸೀಮೆಯಲ್ಲಿ. ನಾವು ಆ ಕಡೆ ಹೋಗುವುದು ಜಾತ್ರೆಗೆ ಮಾತ್ರ.

ಬೀದರಿನವ

ವಿಜಯಪುರದ ಗೆಳೆಯರ ಚರ್ಚೆಗೆ ಬೀದರಿನಿಂದ ಒಂದು ಮಾತು. ನಮ್ಮಲ್ಲೂ ಇದೇ ಕಥೆ. ನೌಬಾದ್ ಹತ್ತಿರ ನೆಲದಡಿಯ ಸುರಂಗ ಕಾಲುವೆ ಇದೆ, ಬಹಮನಿ ಕಾಲದ್ದು, 15ನೇ ಶತಮಾನ. ನಿಮ್ಮದಕ್ಕಿಂತ ಹಳೆಯದು. ಹೂಳು ತುಂಬಿ ಮುಚ್ಚಿ ಹೋಗಿತ್ತು. ನಾವು ಚಿಕ್ಕವರಿದ್ದಾಗ ಅದರ ಕಿಂಡಿಗಳಿಗೆ ಕಲ್ಲು ಹಾಕಿ ಶಬ್ದ ಕೇಳುತ್ತಿದ್ದೆವು, ಪಾಳು ಬಾವಿ ಅಂತಲೇ ಅಂದುಕೊಂಡಿದ್ದೆವು. ಆಮೇಲೆ ಹೂಳು ತೆಗೆದಾಗ ಒಳಗೆ ನೀರು ಕಂಡಿತು. ಆರು ನೂರು ವರ್ಷದ ಸುಮಾರಿನ ಕಾಲುವೆಯಲ್ಲಿ ನೀರು! ಅವತ್ತು ನಮ್ಮ ಕಡೆಯ ಜನ ಅಲ್ಲಿಗೆ ಗುಂಪು ಗುಂಪಾಗಿ ಹೋದರು. ನಿಮ್ಮಲ್ಲೂ ಆ ದಿನ ಬರಲಿ.

ಟಾಂಗಾ ಸ್ಟ್ಯಾಂಡ್

ನಮ್ಮಪ್ಪ ಟಾಂಗಾ ಹೊಡೆಯುತ್ತಿದ್ದರು. ನಾನು ಆಟೋ. ಪ್ರವಾಸಿಗಳನ್ನು ತಿರುಗಿಸಿ ಬಂದ ಅನುಭವದಿಂದ ಊರವರಿಗೆ ಎರಡು ಮಾತು ಹೇಳುತ್ತೇನೆ.

ಗೋಲಗುಮ್ಮಟಕ್ಕೆ ಗೇಟು ತೆಗೆದ ಕೂಡಲೇ ಹೋಗಿ. ಎಂಟು ಗಂಟೆ ಆದ ಮೇಲೆ ಶಾಲೆ ಬಸ್ಸುಗಳು ಬರುತ್ತವೆ, ಆಮೇಲೆ ಪಿಸುಮಾತು ಕೇಳಿಸುವುದಿಲ್ಲ. ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ, 1892ರಿಂದ. ಶುಕ್ರವಾರ ರಜೆ. ನಮ್ಮೂರಿನ ಜನ ಅದರ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ, ಒಳಗೆ ಹೋಗುವುದಿಲ್ಲ. ಹೋಗಿ.

ಗುಮ್ಮಟದ ಒಳಗೆ ನಿಂತು ಮೇಲೆ ನೋಡಿ. ನಡುವೆ ಒಂದೂ ಕಂಬ ಇಲ್ಲ. ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿ, ಚೌಕದ ಕೋಣೆಯನ್ನು ಎಂಟು ಮೂಲೆ ಮಾಡಿ, ಅದರ ಮೇಲೆ ಗುಮ್ಮಟ ಹೊತ್ತಿವೆ. ಅಪ್ಪ ಇದನ್ನು ನನಗೆ ಎರಡು ರುಮಾಲು ತೋರಿಸಿ ವಿವರಿಸಿದ್ದರು. ಒಂದನ್ನು ನೇರ ಹಾಸಿ, ಅದರ ಮೇಲೆ ಇನ್ನೊಂದನ್ನು ಓರೆಯಾಗಿ ಹಾಸಿದರು. ಎಂಟು ಮೂಲೆ ಬಂತು. ಅಪ್ಪ ಓದಿದ್ದು ಎರಡನೇ ಇಯತ್ತೆ.

ಉಪ್ಪಲಿ ಬುರುಜು ಅನ್ನುವ ಕಾವಲು ಗೋಪುರಕ್ಕೆ ಸಂಜೆ ಹೋಗಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಹೊರಗೋಡೆಗೇ ಸುತ್ತಿ ಹೋಗುವ ಮೆಟ್ಟಿಲು. ಮೇಲೆ ಉದ್ದನೆಯ ತೋಪುಗಳಿವೆ. ಮೇಲಿನಿಂದ ಇಡೀ ಊರು ಕಾಣುತ್ತದೆ. ಗಂಜ್ ಹುಡುಕುವವರು ಅಲ್ಲಿಂದಲೇ ಹುಡುಕಿ, ಮನೆಗಳ ನಡುವೆ ತಲೆ ಎತ್ತಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಸಾತ್ ಮಂಜಿಲ್ ಎದುರಿಗೆ ರಸ್ತೆಯಲ್ಲೇ ಇರುವ ಸಣ್ಣ ಕೆತ್ತನೆಯ ಮಂಟಪ ನೋಡಿದ್ದೀರಾ? ಅದು ಜಲ ಮಂಜಿಲ್. ಸುತ್ತ ನೀರು ನಿಲ್ಲುತ್ತಿತ್ತು. ಈಗ ಸುತ್ತ ಗಾಡಿಗಳು ಹೋಗುತ್ತವೆ. ನಾನೇ ದಿನಕ್ಕೆ ಹತ್ತು ಸಲ ಅದನ್ನು ಸುತ್ತು ಹಾಕುತ್ತೇನೆ. ಸವಾರಿ ಇದ್ದವರಿಗೆ ಅಲ್ಲಿ ಆಟೋ ನಿಧಾನ ಮಾಡಿ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಇಂಡಿ ರೋಡ್

ನಮ್ಮ ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ತೊರವೆಯ ಸುರಂಗಕ್ಕೆ ಕರೆದುಕೊಂಡು ಹೋಗಬಹುದಾ?

ಉಪ್ಪಲಿ ಬುರುಜು

ದಯವಿಟ್ಟು ಸುರಂಗದ ಒಳಗೆ ಇಳಿಸಬೇಡಿ ಅಕ್ಕಾರ. ಒಳಗೆ ಗಾಳಿ ಸರಿ ಇರುವುದಿಲ್ಲ. ಬಾವಲಿ, ಹಾವು ಇರುತ್ತವೆ. ಕಿಂಡಿಗಳ ಬಾಯಿಗೆ ಎಲ್ಲಾ ಕಡೆ ಕಟ್ಟೆ ಇಲ್ಲ, ಹುಲ್ಲು ಬೆಳೆದರೆ ಗೊತ್ತೇ ಆಗುವುದಿಲ್ಲ. ಮಕ್ಕಳಿಗೆ ತಾಜ ಬಾವಡಿ, ಆಸಾರ ಮಹಲಿನ ಮುಂದಿನ ಹೊಂಡ, ಜಲ ಮಂಜಿಲ್, ಯಾವುದಾದರೂ ಒಂದು ಗಂಜ್, ಇಷ್ಟು ಸಾಕು. ಮನೆಯಲ್ಲಿ ಒಂದು ಪ್ಲಾಸ್ಟಿಕ್ ಪೈಪು, ಎರಡು ಡಬ್ಬಿ ಇಟ್ಟು ಗಂಜ್ ಮಾಡಿ ತೋರಿಸಿ. ನನ್ನ ಮಗ ಬಚ್ಚಲಲ್ಲಿ ಮಾಡಿದ್ದಾನೆ. ಒಂದು ವಾರ ನಮಗೆ ಸ್ನಾನಕ್ಕೆ ಜಾಗ ಬಿಡಲಿಲ್ಲ.

ಪುಣೆಯಲ್ಲಿರುವ ವಿಜಯಪುರದವಳು

ಮಕ್ಕಳಿಗೆ ಮುಲ್ಕ್ ಮೈದಾನ ತೋಪನ್ನೂ ತೋರಿಸಿ. ಅದರ ಬಾಯಿಯಲ್ಲಿ ಸಿಂಹ ಆನೆಯನ್ನು ನುಂಗುತ್ತಿದೆ. ಎರಕ ಹೊಯ್ದಿದ್ದು 1549ರಲ್ಲಿ, ಅಹ್ಮದನಗರದಲ್ಲಿ. ಸುಮಾರು 55 ಟನ್ ತೂಕ. ನನ್ನ ಮಗಳು ಮಧ್ಯಾಹ್ನದ ಬಿಸಿಲಲ್ಲಿ ಅದರ ಮೇಲೆ ಕೈ ಇಟ್ಟು "ಅಮ್ಮ, ಇದು ತಣ್ಣಗಿದೆ!" ಅಂತ ಕೂಗಿದಳು. ನಾವೂ ಚಿಕ್ಕವರಿದ್ದಾಗ ಹಾಗೇ ಕೈ ಇಡುತ್ತಿದ್ದೆವು. ಅದು ಮಾತ್ರ ನಮ್ಮ ತಲೆಮಾರಿಗೂ ನೆನಪಿದೆ.

ಶಹಾಪುರ ಅಗಸಿ

ಮೂರು ವಾರ ಆಯಿತು, ಬರೆಯಲು ಆಗಲಿಲ್ಲ. ಮನೆಯ ಕೆಲಸ ಮುಗಿಯಿತು. ಈಗ ನಡೆದದ್ದು ಹೇಳುತ್ತೇನೆ.

ಹೋದ ಭಾನುವಾರ ತೊರವೆಯಿಂದ ಊರಿನ ಕಡೆ ನಡೆದು ಬಂದೆವು. ಬುರುಜು ಸರ್, ಮಾಸ್ತರರು, ನಾನು, ನನ್ನ ಮಗ. ಮೊದಲು ನರಸಿಂಹನ ಗುಡಿ. ಮಾಸ್ತರರು ಅಲ್ಲಿ ಮತ್ತೆ ಪದ್ಯ ಓದಿದರು. ಆಮೇಲೆ ಹೊಲದ ಬದುವಿನ ಮೇಲೆ ಕಿಂಡಿಯಿಂದ ಕಿಂಡಿಗೆ. ಕೆಲವು ಮುಚ್ಚಿವೆ, ಕೆಲವಕ್ಕೆ ಜಾಲಿ ಬೆಳೆದಿದೆ. ಒಂದರ ಹತ್ತಿರ ಹೊಲದವರು ಸಿಕ್ಕರು. ಕಡಲೆ ಗಿಡ ಕಿತ್ತು ಮಗನ ಕೈಗೆ ಕೊಟ್ಟು, "ನಮ್ಮಜ್ಜನ ಕಾಲದಾಗ ಇದರಾಗ ನೀರು ಸಪ್ಪಳ ಕೇಳ್ತಿತ್ತಂತ" ಅಂದರು. ನಾವು ನಾಲ್ವರೂ ಬಗ್ಗಿ ಕಿವಿ ಕೊಟ್ಟೆವು. ಏನೂ ಕೇಳಲಿಲ್ಲ. ಪಾರಿವಾಳ ಮಾತ್ರ ಹಾರಿ ಬಂದವು.

ಊರೊಳಗೆ ಬಂದು ನಾನು ಗುರುತು ಹಾಕಿಕೊಂಡ ಗಂಜ್‌ಗಳ ಮುಂದೆ ಒಂದೊಂದಾಗಿ ನಿಂತೆವು. ಒಂದಕ್ಕೆ ಆಲದ ಬೇರು ಸುತ್ತಿಕೊಂಡಿದೆ. ಒಂದಕ್ಕೆ ಕೇಬಲ್ ವೈರು ಕಟ್ಟಿದ್ದಾರೆ. ನಮ್ಮ ಓಣಿಯದರ ಸಂದಿಯಲ್ಲಿ ಮಣ್ಣಿನ ಕೊಳವೆಯ ಒಂದು ತುಂಡು ಇನ್ನೂ ಕಾಣುತ್ತದೆ. ಮಗ ಅದರೊಳಗೆ ಬೆರಳು ಹಾಕಿ ನೋಡಿದ. ನಾನು 41 ವರ್ಷ ಅದರ ಮುಂದೆ ಓಡಾಡಿದ್ದೇನೆ.

ಮರುದಿನ ಅವ್ವನಿಗೆ ಇದನ್ನೆಲ್ಲಾ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ತಾಜ ಬಾವಡಿ ನೋಡಿ ಬಂದಿ ಏನು?" ಅಂದಳು. ನೋಡಿಲ್ಲ ಅಂದೆ. ಸಂಜೆ ಆಟೋದಲ್ಲಿ ಕರೆದುಕೊಂಡು ಹೋದೆ. ಟಾಂಗಾ ಸ್ಟ್ಯಾಂಡ್ ಅಣ್ಣನದೇ ಆಟೋ, ದುಡ್ಡು ತೆಗೆದುಕೊಳ್ಳಲಿಲ್ಲ.

ಅವ್ವನಿಗೆ ಮೊಣಕಾಲು ನೋವು. ಕಮಾನಿನ ಕೆಳಗೆ ಮೊದಲ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ 1972ರ ಬರದ ಮಾತು ತೆಗೆದಳು. ಆಗ ಅವಳಿಗೆ ಹನ್ನೆರಡು ವರ್ಷ. ಓಣಿಯ ಬಾವಿ ಬತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು, ಅವಳ ಅವ್ವ, ಅವಳು, ತಂಗಿ ಮೂವರೂ ಕೊಡ ಹಿಡಿದು ಬರುತ್ತಿದ್ದರಂತೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಮುಂದಿನವರ ಸೀರೆಯ ಸೆರಗು ಹಿಡಿದುಕೊಳ್ಳಬೇಕಿತ್ತಂತೆ. ಯಾವ ಮೆಟ್ಟಿಲು ಸವೆದಿದೆ, ಯಾವುದರಲ್ಲಿ ಕಾಲು ಜಾರುತ್ತದೆ ಅಂತ ಕಾಲಿಗೇ ಗೊತ್ತಿತ್ತಂತೆ. ಇಲ್ಲಿ ಪಾಳಿ ಸಿಗದಿದ್ದರೆ ಚಾಂದ ಬಾವಡಿ, ಅಲ್ಲೂ ಇಲ್ಲದಿದ್ದರೆ ಇನ್ನೊಂದು. ನಗರ ಬಾವಡಿ, ಮಾಸ ಬಾವಡಿ, ಸಂದಲ ಬಾವಡಿ ಅಂತ ಬೆರಳು ಮಡಚಿ ಹೇಳುತ್ತಾ ಹೋದಳು. ನನಗೆ ಅದರಲ್ಲಿ ಎರಡರ ಹೆಸರು ಮಾತ್ರ ಗೊತ್ತಿತ್ತು.

ನಾನು ಫೋನು ತೆಗೆದು ಬರೆದುಕೊಳ್ಳಲು ಶುರು ಮಾಡಿದೆ. ಅವ್ವ, "ಬರೀಬ್ಯಾಡ, ನಾಳೆ ಬಾ, ತೋರಸ್ತೀನಿ" ಅಂದಳು.

ಎರಡು ತೋರಿಸಿದ್ದಾಳೆ. ಒಂದು ತೆರೆದಿದೆ, ಇನ್ನೊಂದರ ಬಾಯಿಗೆ ಜಾಲರಿ ಹಾಕಿದ್ದಾರೆ. ಬರುವ ಭಾನುವಾರ ಮೂರನೆಯದು. ಬರುವವರು ಬೆಳಗ್ಗೆ ಆರೂವರೆಗೆ ಶಹಾಪುರ ಅಗಸಿಯ ಹತ್ತಿರ ಸೇರಿ. ಅವ್ವ ನಿಧಾನವಾಗಿ ನಡೆಯುತ್ತಾಳೆ, ಅವಳ ಹಿಂದೆ ನಡೆಯಬೇಕು.